ಹಳೇ ಭಯ, ಈಗಿನ ನಡುಕ

ಪ್ರಶ್ನೆ: ನನಗೆ 34 ವರ್ಷ. ಮಂಡ್ಯ ಹತ್ತಿರದ ಹಳ್ಳಿಯವಳು. ಅಪ್ಪ ಆಲೆಮನೆ ಕೆಲಸ ಮುಗಿಸಿ ಕುಡಿದು ಬಂದು ಅಮ್ಮನಿಗೂ ನನಗೂ ಹೊಡೆಯುತ್ತಿದ್ದರು. ಎರಡು ತಿಂಗಳಿಂದ ಕೌನ್ಸೆಲಿಂಗ್‌ಗೆ ಹೋಗುತ್ತಿದ್ದೇನೆ. ಹೋಗಿ ಬಂದ ದಿನ ಕೈ ನಡುಗುತ್ತದೆ, ಹೊಟ್ಟೆ ಕೆಡುತ್ತದೆ, ಮಾರನೇ ದಿನ ವಿಪರೀತ ಸುಸ್ತು. ಬೆಲ್ಲ ಕಾಯುವ ವಾಸನೆ ಬಂದರೂ ಎದೆ ಹೊಡೆದುಕೊಳ್ಳುತ್ತದೆ. ಅಮ್ಮ 'ಗಾಳಿ ಸೋಕಿದೆ' ಅಂತಾರೆ. ಗೆಳತಿ 'ನೋವು ಹೊರಗೆ ಹೋಗ್ತಿದೆ, ಒಳ್ಳೇದು' ಅಂತಾಳೆ. ಯಾವುದು ನಿಜ?

ಉತ್ತರ: ಮೊದಲು ಒಂದು ಕೆಲಸ ಮಾಡಿ. ಥೈರಾಯ್ಡ್, ಹಿಮೋಗ್ಲೋಬಿನ್, ಸಕ್ಕರೆ ಪರೀಕ್ಷೆ ಮಾಡಿಸಿ. ಥೈರಾಯ್ಡ್ ಜಾಸ್ತಿ ಕೆಲಸ ಮಾಡಿದರೂ ಕೈ ನಡುಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಭೇದಿಯಾಗುತ್ತದೆ. ಎಲ್ಲವನ್ನೂ ಮನಸ್ಸಿನ ಮೇಲೆ ಹಾಕಿ ಕೂತರೆ ಇಂಥದ್ದು ತಪ್ಪಿಹೋಗುತ್ತದೆ.

ವರದಿ ಸರಿಯಿದ್ದರೆ, ಇದು ನಿಮ್ಮ ಮೈ ಭಯಕ್ಕೆ ಕೊಡುತ್ತಿರುವ ಉತ್ತರ. ಗಾಳಿಯೂ ಅಲ್ಲ, ನಾಟಕವೂ ಅಲ್ಲ. ಹಳೆಯದನ್ನು ಮಾತಾಡುವಾಗ ಮೆದುಳಿಗೆ ಅಪಾಯ ಈಗಲೇ ಎದುರಿಗಿದೆ ಅನ್ನಿಸಿಬಿಡುತ್ತದೆ. ಅಪಾಯ ಕಂಡಾಗ ಮೈಯಲ್ಲಿ ಸುರಿಯುವ ಅಡ್ರಿನಲಿನ್ ಎಂಬ ಹಾರ್ಮೋನ್ ಏರುತ್ತದೆ. ಓಡಲು ಸಿದ್ಧವಾದ ಸ್ನಾಯುಗಳು ಓಡಲಾಗದೆ ನಡುಗುತ್ತವೆ, ಹೊಟ್ಟೆ ತನ್ನ ಲಯ ತಪ್ಪುತ್ತದೆ. ಅಷ್ಟು ಬಿಗಿ ಹಿಡಿದ ಮೈ ಮಾರನೇ ದಿನ ಸೋಲದೆ ಇರುತ್ತದೆಯೇ? ಇನ್ನು ವಾಸನೆಗೆ ಮೆದುಳಿನ ಭಯದ ಕೇಂದ್ರಕ್ಕೆ ಹತ್ತಿರದ ದಾರಿ ಇದೆ. ಹಾಗಾಗಿ 'ಇದು ಬರೀ ಬೆಲ್ಲ' ಎಂದು ನಿಮಗೆ ಹೊಳೆಯುವ ಮೊದಲೇ ಎದೆ ಓಡತೊಡಗಿರುತ್ತದೆ.

ನಿಮ್ಮ ಗೆಳತಿಯ ಮಾತನ್ನು ಮಾತ್ರ ನಾನು ಪೂರ್ತಿ ಒಪ್ಪುವುದಿಲ್ಲ. ನಡುಗಿದಷ್ಟೂ ನೋವು ಖಾಲಿಯಾಗುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ. ನಾನು ನೋಡುವುದು ಬೇರೆ. ನಡುಕ ಬಂದ ಮೇಲೆ ಮೈ ಎಷ್ಟು ಹೊತ್ತಿಗೆ ತಣ್ಣಗಾಗುತ್ತದೆ? ಮೊದಲು ಎರಡು ದಿನ ಹಿಡಿಯುತ್ತಿದ್ದದ್ದು ಈಗ ಸಂಜೆಯೊಳಗೆ ಸರಿಹೋಗುತ್ತಿದ್ದರೆ ಅದು ಒಳ್ಳೆಯ ಸುದ್ದಿ. ಕ್ಯಾಲೆಂಡರಿನಲ್ಲೇ ಗುರುತು ಹಾಕಿಕೊಳ್ಳಿ. ವಾರದಿಂದ ವಾರಕ್ಕೆ ಜಾಸ್ತಿಯಾಗುತ್ತಿದೆಯಾ, ನಿದ್ದೆ ಹೋಗಿದೆಯಾ, ಮೈ ಮರಗಟ್ಟಿದಂತೆ ಆಗಿ ಸ್ವಲ್ಪ ಹೊತ್ತು ಏನೂ ನೆನಪಿರುವುದಿಲ್ಲವಾ? ಹಾಗಿದ್ದರೆ 'ನಿಧಾನ ಮಾಡೋಣ' ಎಂದು ಕೌನ್ಸೆಲರ್‌ಗೆ ಬಾಯಿ ಬಿಟ್ಟು ಹೇಳಿ. ಸಂಕೋಚ ಬೇಡ. ಮೈಯನ್ನು ಸಮಾಧಾನ ಮಾಡಲು ಕಲಿತ ಮೇಲೆಯೇ ಹಳೆಯದನ್ನು ಬಿಚ್ಚಬೇಕು.

ನಡುಕ ಬಂದಾಗ ಪಾದಗಳನ್ನು ನೆಲಕ್ಕೆ ಒತ್ತಿ. ಉಸಿರು ತೆಗೆದುಕೊಳ್ಳುವುದಕ್ಕಿಂತ ಬಿಡುವುದು ಉದ್ದ ಇರಲಿ. ಕಣ್ಣಿಗೆ ಕಂಡದ್ದನ್ನು ಒಂದೊಂದಾಗಿ ಹೆಸರಿಸಿ: ಕಿಟಕಿ, ಬಿಂದಿಗೆ, ಬೇವಿನ ಮರ. ಧೈರ್ಯ ಬರಲಿ ಎಂದು ಒಬ್ಬರೇ ಆಲೆಮನೆ ಮುಂದೆ ಹೋಗಿ ನಿಲ್ಲುವುದು ಈಗ ಬೇಡ.

ಮಂಡ್ಯದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಮಿಮ್ಸ್‌ನಲ್ಲಿ, ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಸಾಯುವ ಯೋಚನೆ ಬಂದರೆ ಆ ಕ್ಷಣವೇ ಮಾಡಿ.

ಇನ್ನೊಂದು ಮಾತು. ಬಾಲ್ಯದ ನೋವಿನ ಬಗ್ಗೆ ಅಮೆರಿಕದಲ್ಲಿ ನಡೆದು 1998ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ತಾಯಿ ಏಟು ತಿನ್ನುವುದನ್ನು ಕಂಡು ಬೆಳೆಯುವುದನ್ನೂ ಮಗುವಿಗಾದ ಪೆಟ್ಟು ಎಂದೇ ಲೆಕ್ಕಕ್ಕೆ ಹಿಡಿದರು. ನಿಮಗೆ ಎರಡೂ ಆಗಿದೆ. ಆದರೆ ಆ ಏಟು ತಿಂದವರು ನಿಮ್ಮಮ್ಮ, ಅಲ್ವಾ? ಗಾಳಿ ಅಂದರೆಂದು ಅವರ ಮೇಲೆ ಬೇಜಾರಾಗಬೇಡಿ. ಅವರಿಗೆ ರಾತ್ರಿ ನಿದ್ದೆ ಬರುತ್ತದಾ, ಒಂದು ಸಲ ಕೇಳಿ ನೋಡಿ.