ರಿಯಾಯಿತಿ ದರದ ದೊಡ್ಡ ಗುತ್ತಿಗೆ: ಲಾಭವೋ, ಹೊರೆಯೋ?

ಪ್ರಶ್ನೆ: ಅಮೆರಿಕದ ಪಾರ್ಸೆಲ್ ಸಾಗಣೆ ಕಂಪನಿಯಾದ ಯುಪಿಎಸ್ ತನ್ನ ಅತಿ ದೊಡ್ಡ ಗಿರಾಕಿಯಾದ ಅಮೆಜಾನ್‌ನಿಂದ ಪಡೆಯುವ ಪಾರ್ಸೆಲ್‌ಗಳನ್ನು ಅರ್ಧಕ್ಕಿಂತಲೂ ಕೆಳಗೆ ಇಳಿಸಲು ನಿರ್ಧರಿಸಿದೆ ಎಂದು ಓದಿದೆ. ಕೈಯಲ್ಲಿರುವ ಕೆಲಸವನ್ನು ಯಾರಾದರೂ ತಾವಾಗಿಯೇ ಬಿಡುತ್ತಾರೆಯೇ? ದರ ಕಡಿಮೆಯಾದರೂ ಪಾರ್ಸೆಲ್‌ಗಳ ಸಂಖ್ಯೆ ದೊಡ್ಡದಿದ್ದರೆ ಒಟ್ಟಿನಲ್ಲಿ ಲಾಭವೇ ಅಲ್ಲವೇ? ಕೊರಿಯರ್ ಏಜೆನ್ಸಿ ನಡೆಸುವ ನನ್ನ ತಮ್ಮನ ಮುಂದೆಯೂ ಇಂಥದೇ ಒಂದು ಗುತ್ತಿಗೆ ಇರುವುದರಿಂದ ಕೇಳುತ್ತಿದ್ದೇನೆ.
– ಓದುಗರೊಬ್ಬರು, ದಾವಣಗೆರೆ

ಉತ್ತರ: ಲಾಭವಾಗಬಹುದು, ಆದರೆ ಅದನ್ನು ನಿರ್ಧರಿಸುವುದು ಪಾರ್ಸೆಲ್‌ಗಳ ಸಂಖ್ಯೆಯಲ್ಲ. ಹೊಸ ಪಾರ್ಸೆಲ್‌ಗಳು ಈಗಾಗಲೇ ಖರ್ಚು ಮಾಡಿ ಓಡಿಸುತ್ತಿರುವ ವಾಹನದ ಖಾಲಿ ಜಾಗವನ್ನು ತುಂಬುತ್ತವೆಯೋ ಅಥವಾ ಅವುಗಳಿಗಾಗಿಯೇ ಹೊಸ ವಾಹನ, ಹೊಸ ಗೋದಾಮು, ಹೊಸ ನೌಕರರನ್ನು ಒದಗಿಸಬೇಕಾಗುತ್ತದೆಯೋ ಎಂಬುದೇ ಇಲ್ಲಿ ಮುಖ್ಯ ಪ್ರಶ್ನೆ.

ಲೆಕ್ಕಕ್ಕಾಗಿ ಹೀಗೆ ಭಾವಿಸಿಕೊಳ್ಳಿ. ಒಂದು ವ್ಯಾನಿಗೆ ಚಾಲಕನ ಸಂಬಳ, ಇಂಧನ, ಕಂತು ಎಲ್ಲ ಸೇರಿ ದಿನಕ್ಕೆ 2,400 ರೂಪಾಯಿ ಖರ್ಚು. ಅದು ತಲಾ 50 ರೂಪಾಯಿ ದರದಲ್ಲಿ 60 ಪಾರ್ಸೆಲ್ ಹಂಚಿದರೆ 3,000 ರೂಪಾಯಿ ಬಂದು 600 ಉಳಿಯುತ್ತದೆ. ಈಗ ಅದೇ ಬೀದಿಗಳಿಗೆ ಸೇರಿದ ಇನ್ನೂ 20 ಪಾರ್ಸೆಲ್‌ಗಳು ಅರ್ಧ ದರಕ್ಕೆ, ಅಂದರೆ ತಲಾ 25 ರೂಪಾಯಿಗೆ ಬಂದವು ಎನ್ನೋಣ. ಅವುಗಳನ್ನು ವಿಂಗಡಿಸಿ ತಲುಪಿಸುವ ಹೆಚ್ಚುವರಿ ಖರ್ಚು ತಲಾ 8 ರೂಪಾಯಿಯಾದರೂ ಉಳಿತಾಯ 940 ರೂಪಾಯಿಗೆ ಏರುತ್ತದೆ. ಇಲ್ಲಿ ರಿಯಾಯಿತಿ ಕೊಟ್ಟದ್ದು ಸರಿಯಾದ ನಿರ್ಧಾರವೇ. ಆದರೆ 20ರ ಬದಲು 60 ಪಾರ್ಸೆಲ್ ಬಂದು ಎರಡನೆಯ ವ್ಯಾನ್ ಬೇಕಾಯಿತೆಂದರೆ ಆದಾಯ 4,500, ಖರ್ಚು 4,800. ಕೆಲಸ ಇಮ್ಮಡಿಯಾದ ಮೇಲೆ, ಮೊದಲಿದ್ದ 600 ರೂಪಾಯಿಯೂ ಹೋಗಿ ದಿನಕ್ಕೆ 300 ರೂಪಾಯಿ ನಷ್ಟವಾಗುತ್ತದೆ.

ಖಾಲಿ ಜಾಗ ತುಂಬಿದ ಗುತ್ತಿಗೆಗೆ ಒಳ್ಳೆಯ ಉದಾಹರಣೆ ಅಮೆರಿಕದ ಅಂಚೆ ಇಲಾಖೆ 2001ರಲ್ಲಿ ಫೆಡೆಕ್ಸ್ ಎಂಬ ಕೊರಿಯರ್ ಕಂಪನಿಯೊಂದಿಗೆ ಮಾಡಿಕೊಂಡ ವಿಮಾನ ಸಾಗಣೆಯ ಒಪ್ಪಂದ. ಫೆಡೆಕ್ಸ್‌ನ ವಿಮಾನಗಳು ತುರ್ತು ಪಾರ್ಸೆಲ್‌ಗಳನ್ನು ಹೊತ್ತು ಮುಖ್ಯವಾಗಿ ರಾತ್ರಿ ಹಾರುತ್ತವೆ. ಹಗಲಿನಲ್ಲಿ ಸುಮ್ಮನೆ ನಿಲ್ಲುತ್ತಿದ್ದ ವಿಮಾನಗಳಿಗೆ ಅಂಚೆಯಿಂದ ಕೆಲಸ ಸಿಕ್ಕಿತು. ಆದರೆ ಕಾಲಕ್ರಮೇಣ ಅಂಚೆ ಇಲಾಖೆಯು ಹೆಚ್ಚು ಹೆಚ್ಚು ಟಪಾಲನ್ನು ವಿಮಾನದಿಂದ ಲಾರಿಗಳಿಗೆ ವರ್ಗಾಯಿಸಿತು. ವಿಮಾನಗಳು ಹೊರುವ ಟಪಾಲು ಕಡಿಮೆಯಾಯಿತು, ಹಗಲು ಹಾರಾಟದ ಖರ್ಚು ಮಾತ್ರ ಅದೇ ಪ್ರಮಾಣದಲ್ಲಿ ಇಳಿಯಲಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಆ ಒಪ್ಪಂದ ಮುಗಿದು, ಕೆಲಸ ಯುಪಿಎಸ್‌ಗೆ ಹೋಯಿತು. ಒಂದೇ ಗುತ್ತಿಗೆ ಮೊದಲು ಲಾಭದಾಯಕವಾಗಿದ್ದು ಮುಂದೆ ಭಾರವಾಗಬಹುದು ಎಂಬುದನ್ನು ಗಮನಿಸಿ.

ಇನ್ನು ನೀವು ಕೇಳಿದ ಅಮೆಜಾನ್ ವಿಷಯ. 2019ರಲ್ಲಿ ಫೆಡೆಕ್ಸ್ ಅಮೆಜಾನ್‌ನೊಂದಿಗಿನ ಒಪ್ಪಂದಗಳನ್ನು ನವೀಕರಿಸದೆ ಬಿಟ್ಟಾಗ ಅದಕ್ಕೆ ಅದು ಸುಲಭವಾಗಿತ್ತು, ಏಕೆಂದರೆ ಅಮೆಜಾನ್‌ನಿಂದ ಅದಕ್ಕೆ ಬರುತ್ತಿದ್ದುದು ಒಟ್ಟು ಆದಾಯದ ಶೇ 1.3ಕ್ಕಿಂತಲೂ ಕಡಿಮೆ. ಯುಪಿಎಸ್‌ನ ಸ್ಥಿತಿ ಬೇರೆ: 2024ರಲ್ಲಿ ಅದರ ಆದಾಯದ ಶೇ 11.8ರಷ್ಟು ಅಮೆಜಾನ್‌ನಿಂದಲೇ ಬಂದಿತ್ತು. ಆದರೂ 2025ರ ಜನವರಿಯಲ್ಲಿ ಅದರ ಮುಖ್ಯಸ್ಥೆ ಕ್ಯಾರಲ್ ಟೋಮೆ, ಅಮೆಜಾನ್ ತಮ್ಮ ಅತಿ ದೊಡ್ಡ ಗಿರಾಕಿಯೇ ಹೊರತು ಅತಿ ಹೆಚ್ಚು ಲಾಭ ತರುವ ಗಿರಾಕಿಯಲ್ಲ ಎಂದು ಹೇಳಿ, 2026ರ ದ್ವಿತೀಯಾರ್ಧದ ವೇಳೆಗೆ ಆ ಕೆಲಸವನ್ನು ಅರ್ಧಕ್ಕಿಂತ ಹೆಚ್ಚು ಇಳಿಸುವುದಾಗಿ ಪ್ರಕಟಿಸಿದರು. ಅಂದು ಕಂಪನಿಯ ಷೇರು ಬೆಲೆ ತೀವ್ರವಾಗಿ ಕುಸಿಯಿತು. ಅದೇ ಏಪ್ರಿಲ್‌ನಲ್ಲಿ ಸುಮಾರು 20,000 ಹುದ್ದೆಗಳನ್ನು ಕಡಿತಗೊಳಿಸಿ 73 ಕಟ್ಟಡಗಳನ್ನು ಮುಚ್ಚುವ ನಿರ್ಧಾರವೂ ಹೊರಬಿತ್ತು. ದೊಡ್ಡ ಗಿರಾಕಿಗಾಗಿ ಕಟ್ಟಿದ ವ್ಯವಸ್ಥೆಯನ್ನು ಬಿಚ್ಚುವಾಗ ಅದರ ಬೆಲೆಯನ್ನು ಮೊದಲು ತೆರುವವರು ದುಡಿಯುವವರು. ಗುತ್ತಿಗೆ ಗೆದ್ದ ದಿನದ ಸಂಭ್ರಮದಲ್ಲಿ ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯದಿರುವುದು ನನಗೆ ಬಹಳ ನೋವಿನ ಸಂಗತಿ.

ಇದರ ಹಿಂದೆ ಇನ್ನೊಂದು ಕಾರಣವಿದೆ. ಅಮೆಜಾನ್ ತನ್ನದೇ ವಿತರಣಾ ಜಾಲವನ್ನು ಬೆಳೆಸಿಕೊಂಡಿದೆ. ಹೀಗೆ ಸ್ವಂತ ಜಾಲವುಳ್ಳ ಗಿರಾಕಿಯು ಮನೆಗಳು ಒತ್ತಾಗಿರುವ, ಒಂದೇ ಸುತ್ತಿನಲ್ಲಿ ನೂರಾರು ಪಾರ್ಸೆಲ್ ಮುಗಿಯುವ ಬಡಾವಣೆಗಳನ್ನು ತಾನೇ ಇಟ್ಟುಕೊಂಡು, ದೂರದೂರದ ಹಳ್ಳಿಗಳನ್ನೂ ಹಬ್ಬದ ಕಾಲದ ದಟ್ಟಣೆಯನ್ನೂ ಹೊರಗಿನವರಿಗೆ ಬಿಡಬಲ್ಲದು. ನಮ್ಮ ದೇಶದಲ್ಲೂ ಬೆಂಗಳೂರಿನ ಆನ್‌ಲೈನ್ ಮಾರಾಟ ಕಂಪನಿ ಮೀಶೊ, ವಾಲ್ಮೊ ಎಂಬ ತನ್ನದೇ ವ್ಯವಸ್ಥೆಯನ್ನು ವಿಸ್ತರಿಸಿದಾಗ, ಅದರ ಪಾರ್ಸೆಲ್‌ಗಳನ್ನೇ ಬಹುವಾಗಿ ನೆಚ್ಚಿಕೊಂಡಿದ್ದ ಎಕಾಮ್ ಎಕ್ಸ್‌ಪ್ರೆಸ್ ಎಂಬ ಕೊರಿಯರ್ ಕಂಪನಿಯ ವ್ಯವಹಾರ ಕುಗ್ಗಿತು; 2025ರಲ್ಲಿ ಡೆಲ್ಹಿವರಿ ಕಂಪನಿಯು ಅದನ್ನು ಸುಮಾರು 1,400 ಕೋಟಿ ರೂಪಾಯಿಗೆ ಕೊಂಡುಕೊಂಡಿತು.

ನಿಮ್ಮ ತಮ್ಮ ಸಹಿ ಹಾಕುವ ಮುನ್ನ ಕರಾರಿನಲ್ಲಿ ನೋಡಬೇಕಾದ ಅಂಶಗಳಲ್ಲಿ ಕನಿಷ್ಠ ಪ್ರಮಾಣದ ಭರವಸೆಯೇ ಮೊದಲನೆಯದು. ಎಷ್ಟೋ ಕರಾರುಗಳಲ್ಲಿ ರಿಯಾಯಿತಿ ಖಚಿತವಾಗಿರುತ್ತದೆ, ಕಳುಹಿಸುವ ಪಾರ್ಸೆಲ್‌ಗಳ ಸಂಖ್ಯೆ ಮಾತ್ರ ಗಿರಾಕಿಯ ಇಷ್ಟಕ್ಕೆ ಬಿಟ್ಟಿರುತ್ತದೆ; ಅಂಥದಕ್ಕೆ ಒಪ್ಪಬಾರದು. ಹಗುರವಾದರೂ ಜಾಗ ಹಿಡಿಯುವ ಪೆಟ್ಟಿಗೆಗಳಿಗೆ ಅಳತೆಯ ಮೇಲೆ ದರ, ಗ್ರಾಹಕರು ತೆಗೆದುಕೊಳ್ಳದೆ ಹಿಂದಿರುಗಿಸುವ ಪಾರ್ಸೆಲ್‌ಗೆ ಪ್ರತ್ಯೇಕ ದರ, ಡೀಸೆಲ್ ಬೆಲೆ ಏರಿದರೆ ದರದ ಪರಿಷ್ಕರಣೆ, ಬಿಲ್ ಪಾವತಿಗೆ ನಿಗದಿತ ಗಡುವು ಇವೂ ಬರವಣಿಗೆಯಲ್ಲಿರಲಿ. ಕನಿಷ್ಠ ಪ್ರಮಾಣವನ್ನು ಬರೆದುಕೊಡಲು ಅವರು ಒಪ್ಪದಿದ್ದರೆ, ಈಗಿರುವ ವ್ಯಾನುಗಳಲ್ಲಿ ಹಿಡಿಸುವಷ್ಟು ಪಾರ್ಸೆಲ್‌ಗಳನ್ನು ಮಾತ್ರ ಒಪ್ಪಿಕೊಳ್ಳಲಿ. ಆ ಗುತ್ತಿಗೆಯನ್ನು ನಂಬಿ ಸಾಲ ಮಾಡಿ ಹೊಸ ವಾಹನ ಕೊಳ್ಳುವುದು ಬೇಡ.