ಭಯ ಹುಟ್ಟಿಸಿದರೆ ಗಾಂಜಾ ಬಿಡುತ್ತಾರಾ?

ಗಾಂಜಾ ಸೇದುವವರನ್ನು ಜೈಲಿಗೆ ಕಳಿಸಬೇಡಿ, ಡಾಕ್ಟರ ಬಳಿ ಕಳಿಸಿ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೆವು. ಅದಕ್ಕೆ ಓದುಗರೊಬ್ಬರು ಸಿಟ್ಟಾಗಿ ಪತ್ರ ಬರೆದಿದ್ದಾರೆ. 'ಪೊಲೀಸರ ಭಯವೂ ಇಲ್ಲದಿದ್ದರೆ ಹುಡುಗರು ಯಾಕೆ ಬಿಡುತ್ತಾರೆ? ನಾಳೆ ನಿಮ್ಮ ಮಗನ ಬ್ಯಾಗಿನಲ್ಲೇ ಸಿಕ್ಕರೆ ಏನು ಮಾಡುತ್ತೀರಿ?' ಎಂಬುದು ಅವರ ಪ್ರಶ್ನೆ.

ನಿಮ್ಮ ಆತಂಕ ಸುಳ್ಳಲ್ಲ. ಗಾಂಜಾದಿಂದ ಏನೂ ಆಗಲ್ಲ ಎಂದು ನಾವು ಹೇಳಿಲ್ಲ, ಹೇಳುವುದೂ ಇಲ್ಲ. ಹದಿಹರೆಯದಲ್ಲೇ ಶುರು ಮಾಡಿ ದಿನಾ ಸೇದುವವರಿಗೆ ಅದು ಚಟವಾಗಿ ಅಂಟಿಕೊಳ್ಳುವ ಸಾಧ್ಯತೆ ಜಾಸ್ತಿ. ನಶೆ ಏರಿಸುವ ಟಿಎಚ್‌ಸಿ ಅಂಶ ಹೆಚ್ಚಿರುವ ಮಾಲು ಸೇದುವವರಲ್ಲಿ, ಅದರಲ್ಲೂ ಮನೆಯಲ್ಲಿ ಯಾರಿಗಾದರೂ ತೀವ್ರ ಮಾನಸಿಕ ಕಾಯಿಲೆ ಇದ್ದರೆ, ಇಲ್ಲದ ದನಿ ಕೇಳಿಸುವ, ಎಲ್ಲರ ಮೇಲೂ ಅನುಮಾನ ಪಡುವ ಸ್ಥಿತಿಗೆ ಜಾರುವ ಅಪಾಯವಿದೆ. ಇದೆಲ್ಲ ಕಾಯಿಲೆಯ ಮಾತು ಅಲ್ವಾ? ಲಾಠಿ ಇದರಲ್ಲಿ ಯಾವುದನ್ನು ವಾಸಿ ಮಾಡುತ್ತದೆ?

ಬಿಡಲು ಹೊರಟವನ ಪಾಡು ನೋಡಿ. ಒಂದೆರಡು ದಿನದಲ್ಲೇ ನಿದ್ದೆ ಹಾರಿಹೋಗುತ್ತದೆ, ಊಟ ಸೇರುವುದಿಲ್ಲ, ಸಣ್ಣ ಮಾತಿಗೂ ರೇಗುತ್ತಾನೆ, ಕಣ್ಣು ಮುಚ್ಚಿದರೆ ವಿಚಿತ್ರ ಕನಸು. ಮೊದಲ ವಾರ ತುಂಬಾ ಕಷ್ಟ, ಎರಡು ಮೂರು ವಾರದಲ್ಲಿ ಬಹುಪಾಲು ಇಳಿಯುತ್ತದೆ. ಇದಕ್ಕೇ ಅಂತ ಒಪ್ಪಿತವಾದ ಮಾತ್ರೆ ಇನ್ನೂ ಇಲ್ಲ. ಆಪ್ತ ಸಮಾಲೋಚಕರ ಜೊತೆ ಕೂತು ಮಾತಾಡುವುದೇ ಮುಖ್ಯ ಚಿಕಿತ್ಸೆ, ಮತ್ತು ಆ ಮಾತು ನಿಜವಾಗಿದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ. 'ದಿನಾ ಸೇದುತ್ತೇನೆ' ಎಂದು ಬಾಯಿ ಬಿಟ್ಟರೆ ಕೇಸ್ ಬೀಳಬಹುದು ಎಂಬ ಹೆದರಿಕೆ ಇರುವವನು ಅಲ್ಲಿ ನಿಜ ಹೇಳುತ್ತಾನಾ? ನೀವು ನೆಚ್ಚಿಕೊಂಡಿರುವ ಭಯ ಅವನನ್ನು ಗಾಂಜಾದಿಂದ ದೂರ ಇಡುವುದಿಲ್ಲ, ಡಾಕ್ಟರಿಂದ ದೂರ ಇಡುತ್ತದೆ.

ಪೋರ್ಚುಗಲ್ 2001ರಲ್ಲಿ ಏನು ಮಾಡಿತು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಅಲ್ಲಿ ಎಲ್ಲವನ್ನೂ ಸುಮ್ನೆ ಬಿಟ್ಟುಬಿಟ್ಟರು ಎಂದೇ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಮಾದಕ ವಸ್ತು ಅಲ್ಲಿ ಈಗಲೂ ನಿಷಿದ್ಧ, ಮಾರುವವನಿಗೆ ಈಗಲೂ ಜೈಲು. ಆದರೆ ಹತ್ತು ದಿನದ ಸ್ವಂತ ಬಳಕೆಗಾಗುವಷ್ಟು ಮಾತ್ರ ಇದ್ದರೆ ಅದು ಕ್ರಿಮಿನಲ್ ಅಪರಾಧವಲ್ಲ. ಪೊಲೀಸರು ಮಾಲು ಕಿತ್ತುಕೊಂಡು, ಆ ವ್ಯಕ್ತಿಯನ್ನು ಮೂವರು ಸದಸ್ಯರ ಸಮಿತಿಯ ಮುಂದೆ ಕಳಿಸುತ್ತಾರೆ. ಅಲ್ಲಿ ಕಾನೂನು ತಿಳಿದವರ ಜೊತೆ ಆರೋಗ್ಯ, ಸಮಾಜಸೇವೆ ಇಂಥ ಕ್ಷೇತ್ರದವರೂ ಇರುತ್ತಾರೆ. ಎಷ್ಟು ದಿನದಿಂದ, ಯಾಕೆ, ಮನೆಯಲ್ಲಿ ಹೇಗಿದೆ ಎಂದು ಕೇಳುತ್ತಾರೆ. ಚಟ ಇಲ್ಲದೆ ಮೊದಲ ಸಲ ಸಿಕ್ಕಿಬಿದ್ದವನ ಪ್ರಕರಣ ಅಲ್ಲಿಗೇ ನಿಲ್ಲುತ್ತದೆ, ಚಟ ಇದ್ದವನಿಗೆ ಚಿಕಿತ್ಸೆಯ ದಾರಿ ತೋರಿಸುತ್ತಾರೆ.

ಎಡವಿದ ಉದಾಹರಣೆಯೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಗಾಂಜಾ ಅದಾಗಲೇ ಕಾನೂನುಬದ್ಧವಾಗಿತ್ತು. 2021ರಲ್ಲಿ ಉಳಿದ ಮಾದಕ ವಸ್ತುಗಳನ್ನು ಸ್ವಲ್ಪ ಪ್ರಮಾಣದಲ್ಲಿ ಇಟ್ಟುಕೊಂಡವರಿಗೂ ಜೈಲು ತೆಗೆದರು. 100 ಡಾಲರ್ ದಂಡ, ಇಲ್ಲವೇ ಸಹಾಯವಾಣಿಗೆ ಒಂದು ಫೋನ್. ಫೋನ್ ಮಾಡಿದವರು ತೀರಾ ಕಡಿಮೆ, ಚಿಕಿತ್ಸೆಯ ಹಣ ಕೇಂದ್ರಗಳಿಗೆ ತಲುಪುವುದೂ ತಡವಾಯಿತು. ಜನ ಬೇಸತ್ತರು, 2024ರಲ್ಲಿ ಆ ವಸ್ತುಗಳನ್ನು ಇಟ್ಟುಕೊಳ್ಳುವುದು ಮತ್ತೆ ಅಪರಾಧವಾಯಿತು. ಶಿಕ್ಷೆ ತೆಗೆಯುವುದು ಅರ್ಧ ಕೆಲಸ. ಚಿಕಿತ್ಸಾ ಕೇಂದ್ರದಲ್ಲಿ ಹಾಸಿಗೆ, ಸಮಾಲೋಚಕರು, ಅದಕ್ಕೆ ಬೇಕಾದ ದುಡ್ಡು ಮೊದಲೇ ತಯಾರಿರಬೇಕು. ಭಯ ತೆಗೆದ ಮಾತ್ರಕ್ಕೆ ಯಾರೂ ಬಿಡುವುದಿಲ್ಲ ಎಂಬ ನಿಮ್ಮ ಅನುಮಾನ ಈ ಮಟ್ಟಿಗೆ ಸರಿ, ಕಳೆದ ಲೇಖನದಲ್ಲಿ ಹೇಳಿದ್ದಕ್ಕಿಂತ ಗಟ್ಟಿಯಾಗಿ ಈಗ ಹೇಳುತ್ತಿದ್ದೇನೆ.

ಇನ್ನು ಮಗನ ಬ್ಯಾಗಿನ ಪ್ರಶ್ನೆ. ಮೊದಲು ನನಗೂ ಸಿಟ್ಟು ಬರುತ್ತದೆ, ಹೆದರಿಕೆಯೂ ಆಗುತ್ತದೆ. ಆದರೆ ಅವನು ನಶೆಯಲ್ಲಿರುವಾಗ ಮಾತು ತೆಗೆಯುವುದಿಲ್ಲ. ಮಾರನೇ ದಿನ ಕೂರಿಸಿಕೊಂಡು ಎಷ್ಟು ದಿನದಿಂದ ಸೇದುತ್ತಿದ್ದಾನೆ, ಒಬ್ಬನೇ ಸೇದುತ್ತಾನಾ, ಇಲ್ಲದಿದ್ದರೆ ನಿದ್ದೆ ಬರುತ್ತದಾ ಎಂದು ಕೇಳುತ್ತೇನೆ. ಒಬ್ಬನೇ, ದಿನಾ, ಅದಿಲ್ಲದೆ ನಿದ್ದೆಯಿಲ್ಲ ಎಂದರೆ ಅದೇ ವಾರ ಮನೋವೈದ್ಯರ ಬಳಿ ಕರೆದುಕೊಂಡು ಹೋಗುತ್ತೇನೆ. ಅವರು ಕೇಳಿದ್ದಕ್ಕೆಲ್ಲ ಹೆದರದೆ ಉತ್ತರ ಹೇಳು ಎಂದು ಅವನಿಗೆ ಹೇಳುವ ಸ್ಥಿತಿಯಲ್ಲಿ ನಾನಿರಬೇಕು. ಕಾನೂನು ಬದಲಾಗಲಿ ಎಂದು ನಾವು ಕೇಳುತ್ತಿರುವುದು ಇದಕ್ಕೇ.

— ಸಂಪಾದಕ