ನಿದ್ದೆ ಬಂದ ಮೇಲೂ ಮಾತ್ರೆ ಏಕೆ?

ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಹಿಟ್ಟಿನ ಗಿರಣಿ ನಡೆಸುವ, ಐವತ್ತು ದಾಟಿದವರೊಬ್ಬರು ಪತ್ನಿಯೊಂದಿಗೆ ಬಂದಿದ್ದರು. ನಾಲ್ಕು ತಿಂಗಳಿನಿಂದ ಬೆಳಗಿನ ಜಾವ ಮೂರಕ್ಕೇ ಎಚ್ಚರ, ಊಟ ಸೇರದು, ಮಗಳ ಫೋನ್ ಎತ್ತಲೂ ಮನಸ್ಸಿಲ್ಲ. ಮನೋವೈದ್ಯರು ಖಿನ್ನತೆಯೆಂದು ಗುರುತಿಸಿ, ರಾತ್ರಿ ಮಲಗುವಾಗ 15 ಮಿಲಿಗ್ರಾಂ ಮಿರ್ಟಜಪಿನ್ ಬರೆದುಕೊಟ್ಟಿದ್ದರು. ವಾರದೊಳಗೆ ನಿದ್ದೆ ಬಂತು. ಬಂದದ್ದೇ ತಡ, "ಚಟವಾದೀತು" ಎಂದು ಅವರೇ ಮಾತ್ರೆಯನ್ನು ಅರ್ಧಕ್ಕೆ ಇಳಿಸಿಕೊಂಡರು. ಬೆಳಗಿನ ಮಂಪರು ತಗ್ಗಲಿ ಎಂಬ ಆಸೆಯೂ ಇತ್ತು. ಮಂಪರೂ ಹೋಗಲಿಲ್ಲ, ಮನಸ್ಸೂ ಚೇತರಿಸಲಿಲ್ಲ.

"ನಿದ್ದೆ ಮಾತ್ರೆ ತಾನೇ ಸಾರ್, ನಿದ್ದೆ ಬಂತಲ್ಲ" ಎಂದರು. ಈ ಹೆಸರೇ ಅರ್ಧ ತೊಂದರೆಗೆ ಮೂಲ. ಇದು ಖಿನ್ನತೆಯ ಔಷಧಿ. ಮೆದುಳನ್ನು ಎಚ್ಚರವಾಗಿಡುವ ಹಿಸ್ಟಮಿನ್ ಎಂಬ ರಾಸಾಯನಿಕವನ್ನು ತಡೆಯುವುದರಿಂದ ನಿದ್ದೆ ಮೊದಲ ದಿನಗಳಲ್ಲೇ ಬರುತ್ತದೆ, ಆದರೆ ಮನಸ್ಸಿನ ಭಾರ ಇಳಿಯಲು ಎರಡರಿಂದ ನಾಲ್ಕು ವಾರಗಳಾದರೂ ಬೇಕು. ಕಡಿಮೆ ಪ್ರಮಾಣದಲ್ಲಿ ಮಂಪರೇ ಮುಂದಾಗಿರುತ್ತದೆ, ಆದ್ದರಿಂದ ಅರ್ಧ ಮಾಡಿದರೆ ಅದೂ ಅರ್ಧವಾಗುತ್ತದೆಂಬ ಲೆಕ್ಕ ಇಲ್ಲಿ ನಡೆಯದು. ಚಟದ ಭಯಕ್ಕೆ ಆಧಾರವಿಲ್ಲ; ಆದರೆ ಏಕಾಏಕಿ ನಿಲ್ಲಿಸಿದರೆ ತಲೆಸುತ್ತು, ಚಡಪಡಿಕೆ ಕಾಣಿಸಿಕೊಳ್ಳಬಹುದು.

ಸಾಯಬೇಕೆನಿಸಿದೆಯೇ ಎಂದು ನೇರವಾಗಿ ಕೇಳಿದೆ. ಬದುಕು ಬೇಸರವೆನಿಸುತ್ತದೆ, ಅಂಥ ಯೋಚನೆ ಬಂದಿಲ್ಲ ಎಂದರು. ಆದರೂ ಮಾತ್ರೆಗಳು ಪತ್ನಿಯ ಕೈಯಲ್ಲಿರಲಿ ಎಂದೆ. ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಬರೆದುಕೊಟ್ಟೆ.

ಪ್ರಮಾಣ ನಿರ್ಧರಿಸುವವನು ನಾನಲ್ಲ, ಅದೇ ವಾರ ವೈದ್ಯರ ಬಳಿ ಕಳಿಸಿದೆ. ಅಲ್ಲಿಯವರೆಗೆ ಹೇಳಿದ್ದು ಇಷ್ಟು: ಮಂಪರಿರುವಾಗ ಗಿರಣಿಯ ಬೆಲ್ಟಿನ ಹತ್ತಿರ ಹೋಗಬೇಡಿ, ಸ್ಕೂಟರ್ ಬೇಡ, ಭಾನುವಾರದ ಕ್ವಾರ್ಟರ್ ಅಂತೂ ಬೇಡವೇ ಬೇಡ, ಜ್ವರ, ಗಂಟಲು ನೋವು ಬಂದರೆ ಅಪರೂಪಕ್ಕೆ ಬಿಳಿ ರಕ್ತಕಣ ಕುಸಿದಿರಬಹುದಾದ್ದರಿಂದ ತಡಮಾಡದೆ ವೈದ್ಯರಿಗೆ ತಿಳಿಸಿ.

ವೈದ್ಯರು ಪೂರ್ಣ ಮಾತ್ರೆಗೆ ಮರಳಿಸಿ, ಸ್ವಲ್ಪ ಬೇಗ ನುಂಗಲು ಹೇಳಿ, ಮೂರು ವಾರದ ನಂತರ 30 ಮಿಲಿಗ್ರಾಂಗೆ ಏರಿಸಿದರು. ಆರನೆಯ ವಾರ ಅವರೇ ಮಗಳಿಗೆ ಕರೆ ಮಾಡಿದ್ದರು. ಚೇತರಿಸಿಕೊಂಡ ಮೇಲೂ ಕನಿಷ್ಠ ಆರು ತಿಂಗಳು ಔಷಧಿ ಮುಂದುವರಿಯಬೇಕು ಎಂದಾಗ ಮುಖ ಸಣ್ಣದಾಯಿತು. ಹಸಿವು ಹೆಚ್ಚಿ ತೂಕ ಮೂರು ಕಿಲೋ ಏರಿದೆ, ಪತ್ನಿಗೆ ಅದೇ ಚಿಂತೆ. ಸಂಜೆ ಗಿರಣಿ ಮುಚ್ಚಿದ ಮೇಲೆ ಇಬ್ಬರೂ ಕೆರೆಯ ಏರಿವರೆಗೆ ನಡೆದು ಬರುವುದೆಂದು ಸದ್ಯಕ್ಕೆ ಒಪ್ಪಿಕೊಂಡಿದ್ದಾರೆ.